ಏಳು ಮನೆಯ ಗಿಣ್ಣು

ನಮ್ಮ ಮನೆಯಲ್ಲಿ ದನಗಳಿಗೂ ನಮಗೂ ಒಂದೇ ಬಾಗಿಲು. ಜಗಳೂರು ಕಡೆಯ ಹಳೆಯ ಮಾಳಿಗೆ ಮನೆಗಳು ಬಹುಮಟ್ಟಿಗೆ ಹಾಗೇ ಇದ್ದವು. ಹೊಸ್ತಿಲು ದಾಟಿದ ಕೂಡಲೇ ತಗ್ಗಿನ ಅಂಕಣ; ಎಡಕ್ಕೆ ಎರಡು ಎತ್ತು, ಬಲಕ್ಕೆ ಎರಡು ಎಮ್ಮೆ, ಮೂಲೆಯಲ್ಲಿ ಕರುವಿನ ಗೂಟ. ಅಲ್ಲಿಂದ ಮೊಣಕಾಲೆತ್ತರ ಹತ್ತಿದರೆ ಪಡಸಾಲೆ, ಪಡಸಾಲೆಯ ಹಿಂದೆ ಅಡುಗೆಮನೆ, ಅದರ ಪಕ್ಕ ದೇವರ ಮೂಲೆ. ರಾತ್ರಿ ಮಗ್ಗುಲು ಬದಲಿಸಿದರೆ ಎಮ್ಮೆಯ ಉಸಿರು ಕೇಳುತ್ತಿತ್ತು. ಪೇಟೆಯಿಂದ ಬಂದ ನೆಂಟರು ಇದನ್ನು ನೋಡಿ, ದನಕರುಗಳನ್ನು ಮಕ್ಕಳ ಹಾಗೆ ಸಾಕುವ ಮನೆ ಎಂದು ಹೊಗಳಿ, ಕಾಫಿ ಕುಡಿದು ಹೋಗುತ್ತಿದ್ದರು. ಅವರ ಹೊಗಳಿಕೆ ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ಹತ್ತಿಕಾಳು ರುಬ್ಬಿ ಇಡುತ್ತಿದ್ದುದು ಎತ್ತುಗಳಿಗೆ ಮಾತ್ರ. ಎತ್ತು ಮೂಸಿ ಬಿಟ್ಟ ಜೋಳದ ಸಪ್ಪೆ ಎಮ್ಮೆಗಳ ಪಾಲು, ಅವು ಬಸಿರಿದ್ದರೂ ಅಷ್ಟೇ. ಮೇಲೆ ಪಡಸಾಲೆಯಲ್ಲೂ ಲೆಕ್ಕ ಅದೇ. ಅಪ್ಪನಿಗೂ ಚಿಕ್ಕಪ್ಪನಿಗೂ ಹೆಂಚಿನಿಂದ ಇಳಿದ ರೊಟ್ಟಿ, ಆಮೇಲೆ ಮಕ್ಕಳು, ಆಮೇಲೆ ಅಜ್ಜಿ, ಆಮೇಲೆ ಅವ್ವ, ಎಲ್ಲರದೂ ಮುಗಿದ ಮೇಲೆ ಪಾತ್ರೆಯ ತಳ ಕೆರೆದು ಉಣ್ಣುವವಳು ಚಿಕ್ಕವ್ವ. ಇದೆಲ್ಲ ನನಗೆ ದೊಡ್ಡವಳಾದ ಮೇಲೆ ಹೊಳೆಯಿತು ಎಂದು ಸುಳ್ಳು ಹೇಳುವುದಿಲ್ಲ. ಆಗಲೇ ಕಾಣುತ್ತಿತ್ತು. ಇದೇ ಸರಿ ಎಂದುಕೊಂಡಿದ್ದೆ.

ಎಮ್ಮೆ ಈದ ದಿನ ಮಾತ್ರ ಮನೆಯ ಲೆಕ್ಕಾಚಾರ ಬದಲಾಗಿ, ಎಲ್ಲರ ಗಮನವೂ ಒಂದು ಕೊಳಗದ ಮೇಲೆ ನಿಲ್ಲುತ್ತಿತ್ತು. ಈದ ಎಮ್ಮೆಯ ಮೊದಲ ಹಾಲು, ಅರಿಸಿನ ಬಣ್ಣದ ಗಟ್ಟಿ ಗಿಣ್ಣು, ಆ ಕೊಳಗಕ್ಕೆ ಬೀಳಬೇಕು. ಅದು ಬೀಳುವ ತನಕ ಕರುವಿಗೆ ಕೆಚ್ಚಲಿನ ಹತ್ತಿರ ಸುಳಿಯುವ ಹಕ್ಕಿರಲಿಲ್ಲ. ಹುಟ್ಟಿದ ಕರುವನ್ನು ಒರೆಸಿ, ಗೊರಸು ಚಿವುಟಿ, ಮೂಲೆಯ ಗೂಟಕ್ಕೆ ಗಿಡ್ಡ ಹಗ್ಗದಲ್ಲಿ ಕಟ್ಟಿಬಿಡುತ್ತಿದ್ದರು. ಈದ ಮೇಲೆ ಬೀಳುವ ಮಾಸಿಗೆ ನಮ್ಮ ಕಡೆ ಕಸ ಎನ್ನುತ್ತಾರೆ. ಕಸ ಬೀಳುವ ಮೊದಲು ಕರು ಕುಡಿದರೆ ಕಸ ಹೊಟ್ಟೆಯೊಳಗೇ ಮೇಲೇರುತ್ತದೆ ಎಂಬುದು ಅಜ್ಜಿಗೆ ಅವಳ ಅತ್ತೆ ಹೇಳಿಕೊಟ್ಟ ಮಾತು. ಕಸ ಬಿದ್ದರೂ ಮುಗಿಯುತ್ತಿರಲಿಲ್ಲ. ಗಿಣ್ಣು ಮೊದಲು ಮನೆದೇವರಿಗೆ, ಆಮೇಲೆ ಏಳು ಮನೆಗೆ. ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿ ಬೇಯಿಸಿ, ತಣಿದ ಮೇಲೆ ಅಜ್ಜಿ ಅದನ್ನು ಚಾಕುವಿನಿಂದ ಚೌಕ ಚೌಕವಾಗಿ ಕೊಯ್ಯುತ್ತಿದ್ದಳು. ಯಾವ ಮನೆಗೆ ಮೊದಲು, ಯಾವ ಮನೆಗೆ ಎಷ್ಟು ತುಂಡು ಎಂಬುದು ಆ ವರ್ಷ ಯಾರೊಂದಿಗೆ ಮಾತಿದೆ, ಯಾರೊಂದಿಗೆ ಇಲ್ಲ ಎಂಬುದರ ಮೇಲೆ ನಿಂತಿತ್ತು. ತಾಟಿನ ಮೇಲೆ ಬಾಳೆಲೆ ಮುಚ್ಚಿಕೊಂಡು ಏಳೂ ಮನೆಗೆ ಒಯ್ಯುವವಳು ನಾನು. ಅದಕ್ಕಿಂತ ದೊಡ್ಡ ಅಧಿಕಾರ ನನ್ನ ಬಾಲ್ಯದಲ್ಲಿ ನನಗೆ ಇನ್ನೊಂದು ಸಿಗಲಿಲ್ಲ. ಎಲ್ಲ ಮನೆಯಲ್ಲೂ ಕರೆದು ಕೂರಿಸುತ್ತಿದ್ದರು, ತಲೆ ಸವರುತ್ತಿದ್ದರು. ವಾಪಸು ಬಂದಾಗ ನನ್ನ ಪಾಲಿನ ದೊಡ್ಡ ತುಂಡು ಅಡುಗೆಮನೆಯ ಗೂಡಿನಲ್ಲಿ ಕಾದಿರುತ್ತಿತ್ತು. ಕರುವಿಗೆ ಆ ಹೊತ್ತು ಬಿದಿರಿನ ಗೊಟ್ಟದಲ್ಲಿ ರಾಗಿ ಗಂಜಿಯ ತಿಳಿ ಕುಡಿಸುತ್ತಿದ್ದರು.

ಕರುಗಳು ಸಾಯುತ್ತಿದ್ದವು. ಸಾಯದೆ ಇನ್ನೇನು ಮಾಡಿಯಾವು? ನಾಲ್ಕೈದು ದಿನ ಚೆನ್ನಾಗಿಯೇ ಇದ್ದು, ಒಂದು ಬೆಳಿಗ್ಗೆ ಬಿಳಿ ಭೇದಿ ಹತ್ತಿ, ಕಣ್ಣು ಗುಳಿಬಿದ್ದು, ಎರಡು ದಿನದಲ್ಲಿ ಕತ್ತು ಚಾಚಿ ಮಲಗಿಬಿಡುತ್ತಿದ್ದವು. ಕರು ಸತ್ತ ಎಮ್ಮೆ ಸೊರ ಬಿಡುವುದಿಲ್ಲ, ಅಂದರೆ ಕೆಚ್ಚಲಿಗೆ ಹಾಲು ಇಳಿಸುವುದಿಲ್ಲ. ಅದಕ್ಕೆ ಸತ್ತ ಕರುವಿನ ಚರ್ಮ ಸುಲಿಸಿ, ಒಳಗೆ ಹುಲ್ಲು ತುಂಬಿ ಹೊಲಿದು, ಅದನ್ನು ಎಮ್ಮೆಯ ಮುಂದೆ ನಿಲ್ಲಿಸಿ ಹಾಲು ಕರೆಯುತ್ತಿದ್ದರು. ಎಮ್ಮೆ ಆ ಹುಲ್ಲಿನ ಕರುವನ್ನು ನೆಕ್ಕುತ್ತಿತ್ತು. ಹಾಲು ಬತ್ತಿದ ಮೇಲೆ ಅದನ್ನು ಅಟ್ಟಕ್ಕೆ ಎಸೆಯುತ್ತಿದ್ದರು. ಹೀಗೆ ಅಟ್ಟದ ಮೇಲೆ ಮೂರು ಹುಲ್ಲಿನ ಕರುಗಳು ಕೂಡಿದ್ದವು. ಒಮ್ಮೆ ದನದ ಆಸ್ಪತ್ರೆಯ ಕಾಂಪೌಂಡರ್ ಸೈಕಲ್ ತುಳಿದುಕೊಂಡು ಬಂದ. ಭೇದಿ ಹತ್ತಿದ ಕರು ಅವನ ಕಾಲ ಬಳಿ ಬಿದ್ದಿತ್ತು. ಅವನು ಜಗಲಿಯ ಮೇಲೆ ಕೂತು, ಅಜ್ಜಿ ಎತ್ತಿಟ್ಟಿದ್ದ ಗಿಣ್ಣಿನ ತುಂಡನ್ನು ಚಪ್ಪರಿಸಿ ತಿಂದು, ಎಂಥ ಹದ ಬಂದಿದೆ ಎಂದು ಮೆಚ್ಚಿ, ಹೊಟ್ಟೆಹುಳ ಎಂದು ಹೇಳಿ ಒಂದು ಪುಡಿ ಕೊಟ್ಟು ಹೋದ. ಆ ಕರುವನ್ನು ಉಳಿಸಬಹುದಾಗಿದ್ದ ಔಷಧಿಯನ್ನೇ ಅವನು ತಿಂದು ಕೈ ತೊಳೆದಿದ್ದ. ನಾಲ್ಕು ಮಾತು ಕೇಳಿದ್ದರೆ ಅವನಿಗೆ ಗೊತ್ತಾಗುತ್ತಿತ್ತು. ಆಸ್ಪತ್ರೆಯವರು ಕೇಳುವ ಪದ್ಧತಿ ಆಗ ಇರಲಿಲ್ಲ, ಈಗಲೂ ಅಷ್ಟಾಗಿ ಇಲ್ಲ.

ಚಿಕ್ಕವ್ವ ಬಂದದ್ದು ಈ ಮೂರು ಕರುಗಳು ಅಟ್ಟ ಸೇರಿದ ಮೇಲೆ. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ನಮ್ಮ ಮನೆಯಲ್ಲಿ ಇದನ್ನು ಯಾರೂ ನೆನಪಿಟ್ಟುಕೊಳ್ಳಲಿಲ್ಲ. ಅವಳ ಹೆಸರು ಗಿರಿಜವ್ವ, ಚಿಕ್ಕಪ್ಪನ ಹೆಂಡತಿ. ತವರು ಸವಳಂಗದ ಹತ್ತಿರದ ಒಂದು ಹಳ್ಳಿ. ಈಗ ನ್ಯಾಮತಿ ತಾಲ್ಲೂಕು, ಆಗ ಹೊನ್ನಾಳಿ. ಅಜ್ಜಿ ಅವಳನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ. ಅವಳು ಯಾವಾಗಲೂ ಹೊನ್ನಾಳಿಯೋಳು. ಇಪ್ಪತ್ತು ತುಂಬಿರದ ಹುಡುಗಿ, ದನದ ಕೆಲಸದಲ್ಲಿ ಕೈ ಬಲು ಚುರುಕು. ಬಂದ ವಾರದಲ್ಲೇ ತಗ್ಗಿನ ಅಂಕಣದ ಸೆಗಣಿ ಗಂಜಲವೆಲ್ಲ ಅವಳ ಪಾಲಿಗೆ ಬಂತು. ಆ ವರ್ಷ ಒಂದು ಕರು ಸತ್ತಿತು. ಅದೇ ರೀತಿ, ಅದೇ ಭೇದಿ. ಆದರೆ ಈ ಸಲ ಅಜ್ಜಿಗೆ ಕಾರಣ ಸಿಕ್ಕಿತ್ತು. ಕಾಲ್ಗುಣ ಎಂಬ ಮಾತು ಮೊದಲು ಒಲೆಯ ಮುಂದೆ ಹುಟ್ಟಿ, ಆಮೇಲೆ ಬಾವಿಕಟ್ಟೆಗೆ ಹೋಗಿ, ಏಳೂ ಮನೆ ಸುತ್ತಿಕೊಂಡು ವಾಪಸು ಬಂದು ಪಡಸಾಲೆಯಲ್ಲಿ ಕೂತಿತು. ಮದುವೆಯಾಗಿ ವರ್ಷವಾದರೂ ಅವಳಿಗೆ ಬಸಿರು ನಿಲ್ಲದಿದ್ದುದನ್ನೂ ಅದಕ್ಕೇ ಗಂಟುಹಾಕಿದರು. ಅಪ್ಪ ಊರಿನಲ್ಲಿ ನ್ಯಾಯ ಹೇಳುವ ಮನುಷ್ಯ. ಅಣ್ಣತಮ್ಮಂದಿರ ಬದುವಿನ ಜಗಳಕ್ಕೆ ಅವನನ್ನೇ ಕರೆಯುತ್ತಿದ್ದರು. ಅಟ್ಟದ ಮೇಲಿನ ಮೂರು ಕರುಗಳ ಕೆಳಗೇ ಕೂತು ಉಣ್ಣುತ್ತಿದ್ದ ಆ ನ್ಯಾಯವಂತ, ಇವು ಇವಳು ಬರುವ ಮೊದಲೇ ಸತ್ತಿದ್ದವಲ್ಲವೇ ಎಂದು ಒಂದು ಮಾತು ಎತ್ತಲಿಲ್ಲ. ಚಿಕ್ಕಪ್ಪನಿಗೆ ಬಾಯಿಯೇ ಇರಲಿಲ್ಲ. ಅವ್ವನಿಗೆ ಇತ್ತು, ಆದರೆ ದೂರು ತನ್ನ ತಲೆಯಿಂದ ಇಳಿದು ಇನ್ನೊಬ್ಬಳ ತಲೆಗೆ ಏರಿದ ನೆಮ್ಮದಿಯೂ ಇತ್ತು. ಚಿಕ್ಕವ್ವ ಬರುವ ಮೊದಲು ಅಜ್ಜಿ ಬೈಯುತ್ತಿದ್ದುದು ಅವ್ವನನ್ನೇ.

ಮರುವರ್ಷ ಇನ್ನೊಂದು ಎಮ್ಮೆ, ಕೋಡು ಬಾಗಿದ್ದದ್ದು, ಬೆಳಕು ಹರಿಯುವ ಹೊತ್ತಿಗೆ ಈದಿತು. ಹೆಣ್ಣುಗರು. ಅಜ್ಜಿ ದೇವರ ಮೂಲೆ ಸಾರಿಸುತ್ತಿದ್ದಳು. ಕೊಳಗ ತೆಗೆದುಕೊಂಡು ಹೋಗಲು ನನಗೆ ಹೇಳಿದ್ದರು. ಕೊಳಗವನ್ನು ಸೊಂಟಕ್ಕೆ ಆನಿಸಿಕೊಂಡು ತಗ್ಗಿನ ಅಂಕಣಕ್ಕೆ ಇಳಿದೆ. ಚಿಕ್ಕವ್ವ ಕರುವಿನ ಹಗ್ಗ ಬಿಚ್ಚಿ, ಅದರ ಹಿಂಗಾಲಿಗೆ ಕೈ ಕೊಟ್ಟು ನಿಲ್ಲಿಸಿ, ಮೊಲೆಯನ್ನು ಅದರ ಬಾಯಿಗೆ ಹಿಡಿದಿದ್ದಳು. ಕರು ಬಾಲ ಅಲ್ಲಾಡಿಸುತ್ತ ಕುಡಿಯುತ್ತಿತ್ತು. ಬಾಯಂಚಿನಿಂದ ಹಳದಿ ನೊರೆ ಇಳಿಯುತ್ತಿತ್ತು. ನನಗೆ ಬಂದದ್ದು ಸಿಟ್ಟು. ಆ ನೊರೆಯನ್ನು ನೋಡುತ್ತ, ಒಂದು ಮನೆಯ ಪಾಲು ಹೋಯಿತು, ಎರಡು ಮನೆಯ ಪಾಲು ಹೋಯಿತು ಎಂದು ಎಣಿಸುತ್ತಿದ್ದೆ. ಕಡಿಮೆ ಬಿದ್ದರೆ ಕಡಿತ ನನ್ನ ತುಂಡಿಗೇ ಎಂಬುದೂ ಗೊತ್ತಿತ್ತು. ಅವಳು ತಿರುಗಿ ನೋಡಿದಳು. ಹೆದರಲಿಲ್ಲ.

"ಇದರ ಹೊಟ್ಟೆಗೆ ಮೊದ್ಲು ಬೀಳ್ಳಿ ಸರೋಜಿ. ಆಮೇಲೆ ದೇವ್ರಿಗೆ ಹಿಂಡೋಣ. ಅತ್ತೆಗೆ ನಾನೇ ಹೇಳ್ತೀನಿ, ನೀನು ಹೇಳಬ್ಯಾಡ."

ನಾನು ಕೊಳಗವನ್ನು ಅಲ್ಲೇ ಕುಕ್ಕಿ ಓಡಿದೆ. ಸಾರಿಸುತ್ತಿದ್ದ ಅಜ್ಜಿಯ ಬೆನ್ನ ಹಿಂದೆ ನಿಂತು, ಚಿಕ್ಕವ್ವ ಕರು ಬಿಟ್ಟಾಳೆ ಎಂದೆ. ಅಷ್ಟೇ. ಆ ಮೂರು ಪದಗಳನ್ನು ಬಾಯಿಗೆ ವಾಪಸು ತುಂಬಿಕೊಳ್ಳುವ ಹಾಗಿದ್ದರೆ ಎಂದು ನಾನು ಎಷ್ಟು ಸಲ ಅಂದುಕೊಂಡಿದ್ದೇನೋ. ಅಜ್ಜಿ ಸೆಗಣಿ ಕೈಯಲ್ಲೇ ಇಳಿದು ಬಂದಳು. ಹೊಡೆಯಲಿಲ್ಲ. ಕರುವನ್ನು ಕೆಚ್ಚಲಿನಿಂದ ಕಿತ್ತು ಗೂಟಕ್ಕೆ ಕಟ್ಟಿ, ಹೊರಗೆ ಹಲ್ಲುಜ್ಜುತ್ತಿದ್ದ ಅಪ್ಪನಿಗೂ ಕೇಳುವ ಹಾಗೆ ಮಾತಾಡಿದಳು.

"ಕಸ ಬೀಳಾಕೆ ಮೊದ್ಲು ಬಾಯಿ ಹಾಕ್ಸಿದೀಯ. ಈ ಎಮ್ಮೆಗೆ ಏನಾದ್ರೂ ಆಗ್ಲಿ, ಆಮೇಲೆ ಐತೆ ನಿಂಗೆ."

"ನಮ್ಮ ತವರಾಗೆ ಹುಟ್ಟಿದ ಕೂಡ್ಲೇ ಬಿಡ್ತಾರೆ ಅತ್ತೆ. ಅಲ್ಲಿ ಕರು ಹಿಂಗೆ ಸಾಯಲ್ಲ."

"ಹಂಗಾದ್ರೆ ಅಲ್ಲೇ ಹೋಗಿ ಬಿಡ್ಕೋ."

ಕಸ ಬೀಳಲಿಲ್ಲ. ಮಧ್ಯಾಹ್ನವಾಯಿತು, ಸಂಜೆಯಾಯಿತು, ಮರುದಿನವೂ ಎಮ್ಮೆಯ ಹಿಂದೆ ಕಸ ನೇತಾಡುತ್ತಲೇ ಇತ್ತು. ಕರು ಕುಡಿದರೆ ಕಸ ಬೇಗ ಬೀಳುತ್ತದೆಯೇ ಹೊರತು ನಿಲ್ಲುವುದಿಲ್ಲ, ಇದನ್ನು ಇವತ್ತು ನಾನು ಯಾರ ಮುಂದೆ ಬೇಕಾದರೂ ನಿಂತು ಹೇಳಬಲ್ಲೆ. ಆ ಎಮ್ಮೆ ಬಸಿರಿನಲ್ಲಿ ಇಡೀ ಬೇಸಿಗೆ ಎತ್ತು ಬಿಟ್ಟ ಒಣ ಸಪ್ಪೆ ತಿಂದು ಕಳೆದಿತ್ತು. ಹಸಿರಿನ ಮುಖ ಕಂಡಿರಲಿಲ್ಲ, ಒಂದು ಹಿಡಿ ಹಿಂಡಿ ಕಂಡಿರಲಿಲ್ಲ, ಕತ್ತಲ ಅಂಕಣ ಬಿಟ್ಟು ಹೊರಗೆ ಹೋದದ್ದೇ ಕಡಿಮೆ. ಅಂಥ ಮೈಯಲ್ಲಿ ಕಸವನ್ನು ನೂಕುವ ಕಸುವು ಎಲ್ಲಿಂದ ಬರಬೇಕು? ಮೂರನೇ ದಿನ ಅದೇ ಕಾಂಪೌಂಡರ್ ಬಂದ. ಕೈಗೆ ಒಂದಿಷ್ಟು ಎಣ್ಣೆ ಸವರಿಕೊಂಡು, ಒಳಗೆ ಕೈ ಹಾಕಿ, ಸಿಕ್ಕಷ್ಟನ್ನು ಹರಿದು ಎಳೆದ. ಸೋಪು ಕೇಳಲಿಲ್ಲ, ಬಿಸಿನೀರು ಕೇಳಲಿಲ್ಲ. ಎಮ್ಮೆಗೆ ಜ್ವರ ಏರಿ, ಮೇವು ಬಿಟ್ಟು, ಐದನೇ ದಿನ ಮಲಗಿದ್ದು ಏಳಲಿಲ್ಲ. ಅದು ಸತ್ತ ದಿನ ಮನೆಯಲ್ಲಿ ಒಲೆ ಹೊತ್ತಿಸಲಿಲ್ಲ. ಚಿಕ್ಕವ್ವ ತಗ್ಗಿನ ಅಂಕಣದಲ್ಲೇ ಎಮ್ಮೆಯ ಖಾಲಿ ಜಾಗದ ಪಕ್ಕ ಕೂತಿದ್ದಳು. ಯಾರೂ ಅವಳನ್ನು ಮೇಲೆ ಕರೆಯಲಿಲ್ಲ. ನಾನೂ ಕರೆಯಲಿಲ್ಲ. ಅವಳು ನನ್ನ ಕಡೆ ನೋಡಿದಾಗ ನಾನು ಅವ್ವನ ಸೆರಗಿನ ಹಿಂದೆ ಸರಿದೆ.

ಎಂಟು ದಿನಕ್ಕೆ ಅಪ್ಪ, ಚಿಕ್ಕಪ್ಪ, ಜೊತೆಗೆ ಊರಿನ ಇಬ್ಬರು ಹಿರಿಯರು ಅವಳನ್ನು ಬಸ್ಸು ಹತ್ತಿಸಿಕೊಂಡು ತವರಿಗೆ ಹೋದರು. ಮಾತಾಡಿಕೊಂಡು ಬರುತ್ತೇವೆ ಎಂದು ಹೇಳಿ ಹೋದವರು ಮರುದಿನ ಅವಳಿಲ್ಲದೆ ಬಂದರು. ಬಿಟ್ಟು ಬಂದೆವು ಎಂದ ಅಪ್ಪ, ಕಾಲು ತೊಳೆದು ಊಟಕ್ಕೆ ಕೂತ. ಅಲ್ಲಿ ಏನು ಮಾತಾಯಿತು ಎಂದು ಅವ್ವ ಕೇಳಲಿಲ್ಲ. ಕೇಳುವ ಅಗತ್ಯ ಯಾರಿಗೂ ಕಾಣಲಿಲ್ಲ. ಮುಂದಿನ ವರ್ಷ ಚಿಕ್ಕಪ್ಪನಿಗೆ ಹತ್ತಿರದ ಸಂಬಂಧದಲ್ಲೇ ಇನ್ನೊಂದು ಹೆಣ್ಣು ತಂದರು. ತಗ್ಗಿನ ಅಂಕಣದ ಸೆಗಣಿ ಅವಳ ಪಾಲಾಯಿತು.

ಆ ಹೆಣ್ಣುಗರು ಬದುಕಿತು. ಇನ್ನೊಂದು ಎಮ್ಮೆಯ ಹಾಲನ್ನು ಅವ್ವ ಗೊಟ್ಟದಲ್ಲಿ ಕುಡಿಸುತ್ತಿದ್ದಳು. ತಾಯಿ ಸತ್ತ ಕರು, ಉಳಿಯುವ ಆಸೆ ಯಾರಿಗೂ ಇರಲಿಲ್ಲ. ಆದರೆ ಭೇದಿ ಹತ್ತಿರ ಸುಳಿಯಲಿಲ್ಲ. ಎಷ್ಟೋ ವರ್ಷಗಳ ನಂತರ ನಮ್ಮ ಮನೆಯಲ್ಲಿ ತಿಂಗಳು ದಾಟಿದ ಮೊದಲ ಕರು ಅದು. ಚಿಕ್ಕವ್ವನ ಕೈಯಲ್ಲಿ ಕುಡಿದ ಅದೊಂದು ಹೊಟ್ಟೆ ಗಿಣ್ಣು ಅದನ್ನು ಉಳಿಸಿತ್ತು. ಸಾಕ್ಷಿ ನಾಲ್ಕು ಕಾಲಿನ ಮೇಲೆ ನಿಂತು ಮನೆಯೊಳಗೇ ಓಡಾಡುತ್ತಿತ್ತು, ಬಂದವರ ಕೈ ನೆಕ್ಕುತ್ತಿತ್ತು. ಅಜ್ಜಿ ಏನೆಂದಳು ಗೊತ್ತೇ? ಅವಳು ಹೋದಳು, ಕರು ಉಳೀತು ಎಂದಳು. ಏಳು ಮನೆಯವರೂ ತಲೆ ಆಡಿಸಿದರು. ಮುಂದಿನ ವರ್ಷ ಇನ್ನೊಂದು ಎಮ್ಮೆಯ ಕರು ಹಳೆಯ ರೀತಿಯಲ್ಲೇ ಸತ್ತು ಅಟ್ಟ ಸೇರಿದಾಗ ಮಾತ್ರ ಯಾರೂ ಬಾಯಿ ಬಿಡಲಿಲ್ಲ. ಆ ಹೆಣ್ಣುಗರು ಬೆಳೆದು ಹತ್ತು ಸೂಲು ಈದಿತು. ನನ್ನ ಶಾಲೆಯ ಫೀಸು, ಅಕ್ಕನ ಮದುವೆಯ ತುಪ್ಪ, ಅಜ್ಜಿಯ ಕೊನೆಗಾಲದ ಮಜ್ಜಿಗೆ ಎಲ್ಲ ಅದರದೇ. ನಾವೆಲ್ಲ ಅದರ ಹಾಲು ಕುಡಿದು ಬೆಳೆದೆವು, ಚಿಕ್ಕವ್ವನ ಹೆಸರೆತ್ತದೆ.

ನಾನು ಪಶುವೈದ್ಯ ಓದಿದೆ. ಆ ಮನೆಯಲ್ಲಿ ಬೆಳೆದದ್ದಕ್ಕೇ ಓದಿದೆ ಎಂದು ಹೇಳಿದರೆ ಕೇಳಲು ಚೆಂದ, ಆದರೆ ನಿಜವಲ್ಲ; ಸೀಟು ಸಿಕ್ಕಿತು, ಓದಿದೆ. ತರಗತಿಯಲ್ಲಿ ಮೇಷ್ಟ್ರು ಒಂದು ಮಧ್ಯಾಹ್ನ, ಕರು ಹುಟ್ಟಿದ ಒಂದೆರಡು ಗಂಟೆಯೊಳಗೆ ಗಿಣ್ಣು ಕುಡಿಸಬೇಕು, ರೋಗ ತಡೆಯುವ ಶಕ್ತಿ ಅದಕ್ಕೆ ಬೇರೆ ಎಲ್ಲಿಂದಲೂ ಸಿಗುವುದಿಲ್ಲ, ಹೊತ್ತು ಮೀರಿದರೆ ಕುಡಿಸಿಯೂ ಅಷ್ಟಕ್ಕಷ್ಟೇ ಎಂದು ಹೇಳಿ ಮುಂದಿನ ಪಾಠಕ್ಕೆ ಹೋದರು. ಉಳಿದವರು ಬರೆದುಕೊಂಡರು. ನನ್ನ ಪೆನ್ನು ನಿಂತಿತು. ಅವತ್ತೇ ಸವಳಂಗದ ಬಸ್ಸು ಹತ್ತಬೇಕಿತ್ತು. ಹತ್ತಲಿಲ್ಲ. ಊರಿಗೆ ಹೋದಾಗ ಅಪ್ಪನ ಮುಂದೆ ವಿಷಯ ಎತ್ತಿದೆ. ಅವನು ಪೇಪರ್ ಮಡಿಸಿ, ಹಳೇದನ್ನೆಲ್ಲ ಕೆದಕಿ ಈಗ ಏನು ಮಾಡಾಕೆ ಐತೆ ಎಂದ. ನಾನು ಅಲ್ಲಿಗೆ ಬಿಟ್ಟೆ. ಜಗಳಗಂಟಿ ಎಂದು ಮೂರು ತಾಲ್ಲೂಕಿನಲ್ಲಿ ಹೆಸರು ಮಾಡಿದವಳು ನಾನು, ಅಪ್ಪನ ಮುಂದೆ ಮಾತ್ರ ಬಾಲ ಮುದುರಿದೆ.

ಆ ಹೆಸರು ಸುಮ್ಮನೆ ಬಂದದ್ದಲ್ಲ. ಚನ್ನಗಿರಿ ಕಡೆ ಕೆಲಸಕ್ಕೆ ಸೇರಿದ ಮೊದಲ ವರ್ಷದಿಂದಲೂ ಕಾಯಿಲೆ ಬಿದ್ದ ದನ ನೋಡಿ ಎಂದು ಕರೆದವರ ಮನೆಯಲ್ಲಿ ನಾನು ದನವನ್ನು ಕೊನೆಗೆ ನೋಡುತ್ತೇನೆ. ಮೊದಲು ಮೇವಿನ ಬಣವೆ, ನೀರಿನ ತೊಟ್ಟಿ, ಮಲಗುವ ನೆಲ, ಆಮೇಲೆ ಅಡುಗೆಮನೆ. ಹಾಲು ಕರೆಯುವವರು ಯಾರು, ಅವರು ಎಷ್ಟು ಹೊತ್ತಿಗೆ ಏಳುತ್ತಾರೆ, ಯಾರಿಗೆ ಯಾರು ಬೈಯುತ್ತಾರೆ ಎಂದು ಕೇಳುತ್ತೇನೆ. ಸಂತೇಬೆನ್ನೂರಿನ ಹತ್ತಿರ ಒಬ್ಬ, ಹಸುಗಳಿಗೆ ಮೇಲಿಂದ ಮೇಲೆ ಕೆಚ್ಚಲುಬಾವು ಬರುತ್ತದೆಂದು ಹಾಲು ಕರೆಯುವ ಹೆಂಗಸರನ್ನು ಒಬ್ಬರಾದ ಮೇಲೊಬ್ಬರಂತೆ ಬಿಡಿಸಿದ್ದ. ಅವರ ಕೈ ಸರಿಯಿಲ್ಲವಂತೆ. ನಾನು ಹೋದಾಗ ಅವನ ಹೊಸ ಸಿಮೆಂಟಿನ ಕೊಟ್ಟಿಗೆಗೆ ಇಳಿಜಾರೇ ಇರಲಿಲ್ಲ. ಗಂಜಲವೆಲ್ಲ ನಿಂತು, ಹಸುಗಳು ಅದರಲ್ಲೇ ಕೆಚ್ಚಲು ಊರಿ ಮಲಗುತ್ತಿದ್ದವು. ಕೊಟ್ಟಿಗೆ ಕಟ್ಟಿಸಿದ್ದು ಯಾರು ಎಂದು ಕೇಳಿದೆ. ಅವನ ಮುಖ ಕೆಂಪಾಯಿತು. ಎಲ್ಲ ಕಡೆ ಇದೇ ಕಥೆ. ದನ ಸತ್ತರೆ ದೂರು ಮನೆಯಲ್ಲಿ ಕೊನೆಗೆ ಉಣ್ಣುವವರ ಮೇಲೆ. ನೆಲ ಅಗೆಸು, ಎಮ್ಮೆಗೂ ಹಿಂಡಿ ಇಡು, ಕರೆಯುವವಳಿಗೆ ಬಿಸಿನೀರು ಕೊಡು ಎಂದರೆ, ಔಷಧಿ ಬರೆದುಕೊಡಿ ಮೇಡಂ, ಮನೆ ವಿಚಾರ ನಿಮಗ್ಯಾಕೆ ಎನ್ನುತ್ತಾರೆ.

ನಿವೃತ್ತಿಯಾದ ಮೇಲೂ ಕರೆಗಳು ನಿಂತಿಲ್ಲ. ಹೋದ ವರ್ಷ ಒಂದು ಬೆಳಿಗ್ಗೆ ಶಿವಕುಮಾರ ಎಂಬುವನು ಫೋನು ಮಾಡಿದ. ಎಮ್ಮೆ ಸಾಕಿ ಡೈರಿಗೆ ಹಾಲು ಹಾಕುವ ರೈತ. ಕರುಗಳು ನಿಲ್ಲುತ್ತಿಲ್ಲ, ರಕ್ತ ಪರೀಕ್ಷೆ, ಲಸಿಕೆ, ಹುಳದ ಔಷಧಿ ಎಲ್ಲ ಆಯಿತು, ಈಗ ತಾನೇ ಒಂದು ಈದಿದೆ, ಇದಾದರೂ ಉಳಿಯಬೇಕು ಎಂದ. ಊರು ಯಾವುದು ಎಂದು ಕೇಳಿದೆ. ಅವನು ಹೇಳಿದ್ದು ಚಿಕ್ಕವ್ವನ ತವರೂರಿನ ಹೆಸರು. ಎಷ್ಟು ವರ್ಷ ಆ ಊರಿನ ಕವಲಿನಲ್ಲಿ ಜೀಪು ತಿರುಗಿಸದೆ ನೇರ ಹೋಗಿದ್ದೆ. ಈ ಸಲ ತಿರುಗಿಸಿದೆ.

ಅಲ್ಲಿ ಮೇವು ಚೆನ್ನಾಗಿತ್ತು, ನೀರು ಚೆನ್ನಾಗಿತ್ತು, ಕೊಟ್ಟಿಗೆಯ ನೆಲಕ್ಕೆ ಇಳಿಜಾರು ಇತ್ತು. ಅಂದು ಈದ ಎಮ್ಮೆ ಒಂದು ಕಡೆ, ಕರು ಅದರಿಂದ ದೂರದ ಗೂಟದಲ್ಲಿ. ಇದಕ್ಕೆ ಕುಡಿಸಿದಿರಾ ಎಂದೆ. ಕಸ ಬಿದ್ದಿಲ್ಲವಲ್ಲ, ಅದೆಲ್ಲ ನಮ್ಮ ಅತ್ತೆಯ ಉಸ್ತುವಾರಿ ಎಂದು ಶಿವಕುಮಾರ ಒಳಗೆ ಕೂಗಿದ. ಅವನ ತಂದೆಯ ತಂಗಿ ಹೊರಗೆ ಬಂದಳು. ಬೆನ್ನು ಬಾಗಿತ್ತು, ಕೂದಲು ಪೂರ್ತಿ ಬೆಳ್ಳಗಾಗಿತ್ತು. ನಾನು ಗುರುತು ಹಿಡಿದೆ, ಅವಳು ಹಿಡಿಯಲಿಲ್ಲ. ಅವಳಿಗೆ ನಾನೊಬ್ಬ ಡಾಕ್ಟರು. ಈ ಮನೆಯಲ್ಲಿ ಮೊದಲಿಂದಲೂ ಹೀಗೇನಾ ಎಂದು ನಾನು ಕೇಳಿದ್ದು ಶಿವಕುಮಾರನನ್ನು. ಇಲ್ಲ, ನಮ್ಮ ಅಜ್ಜಿಯ ಕಾಲದಲ್ಲಿ ಹುಟ್ಟಿದ ಕೂಡಲೇ ಬಿಡುತ್ತಿದ್ದರಂತೆ, ಅತ್ತೆ ಬಂದ ಮೇಲೆ ನಿಲ್ಲಿಸಿದರು ಎಂದ. ಅವಳು ನಡುವೆ ಬಾಯಿ ಹಾಕಿದಳು.

"ಕಸ ಬೀಳೋತನಕ ಬಿಡಾಕೆ ನಾನು ಒಪ್ಪಲ್ಲ ಡಾಕ್ಟ್ರೇ, ನೀವು ಏನಾದ್ರೂ ಹೇಳ್ರಿ. ಬಿಟ್ಟು ಕೆಟ್ಟೋಳು ನಾನು. ಎಮ್ಮೆನೂ ಹೋತು, ಕರುನೂ ಹೋತು."

ನನಗೆ ಮೊದಲು ಅರ್ಥವಾಗಲಿಲ್ಲ. ಆ ಹೆಣ್ಣುಗರುವೂ ಸತ್ತಿತೆಂದೇ ಅವಳು ಇಷ್ಟು ವರ್ಷ ತಿಳಿದಿದ್ದಳು.

"ಕರು ಹೋಗ್ಲಿಲ್ಲ ಚಿಕ್ಕವ್ವ. ನೀನು ಕುಡಿಸಿದ್ದಕ್ಕೇ ಅದು ಬದುಕ್ತು. ಹತ್ತು ಸೂಲು ಈಯ್ತು. ನಾನು ಸರೋಜಿ."

ಅವಳು ಜಗಲಿಯ ಕಡೆ ಕೈ ತೋರಿದಳು.

"ನಿಮ್ಮಪ್ಪ ಇದೇ ಜಗಲಿ ಮ್ಯಾಲೆ ಕುಂತು ಎರಡೂ ಸತ್ವು ಅಂದ. ನಾಕು ಜನರ ಮುಂದೆ. ನಮ್ಮಪ್ಪ ತಲೆ ಬಗ್ಗಿಸ್ಕಂಡು ಕೇಳ್ದ."

ಅಪ್ಪ ಈಗ ಇಲ್ಲ. ಇದ್ದಿದ್ದರೆ ಏನು ಕೇಳುತ್ತಿದ್ದೆನೋ, ಕೇಳುವ ಧೈರ್ಯ ಬರುತ್ತಿತ್ತೋ ಇಲ್ಲವೋ. ಅವನು ಆ ಜಗಲಿಯ ಮೇಲೆ ಕೂತ ದಿನ ನಮ್ಮ ಮನೆಯಲ್ಲಿ ಆ ಕರು ನನ್ನ ಬೆರಳು ಚೀಪುತ್ತಿತ್ತು. ಹುಡುಗಿಯನ್ನು ಬಿಡಲು ಒಂದು ಎಮ್ಮೆಯ ಸಾವು ಸಾಲದು ಎಂದು, ಊರಿನ ನ್ಯಾಯಗಾರ ಬದುಕಿದ್ದ ಕರುವನ್ನೂ ಸಾಯಿಸಿದ. ಆ ಸುಳ್ಳು ಅಲ್ಲಿಗೇ ನಿಲ್ಲಲಿಲ್ಲ. ಸರಿಯಾದದ್ದನ್ನು ಬಲ್ಲವಳು ತನ್ನ ಕೈಯನ್ನೇ ನಂಬದಾದಳು. ಕರುವಿಗೆ ಮೊದಲು ಕುಡಿಸುತ್ತಿದ್ದ ತವರಿಗೆ ಬಂದು, ಇಲ್ಲಿ ಇನ್ನೊಂದು ಹಾಗಾಗದಿರಲಿ ಎಂದು, ನಮ್ಮ ಅಜ್ಜಿಯ ಕಟ್ಟಳೆಯನ್ನು ಇಲ್ಲಿ ತಂದು ಹೂಡಿದಳು. ಇಲ್ಲಿ ಸತ್ತ ಒಂದೊಂದು ಕರುವಿಗೂ ನಮ್ಮ ಮನೆಯೇ ಕಾರಣ. ನನಗೆ ಗೊತ್ತಿದ್ದುದನ್ನೆಲ್ಲ ಹೇಳಿದೆ. ಕಸ ಯಾಕೆ ನಿಂತಿತು, ಕಾಂಪೌಂಡರ್ ಕೈ ಎಂಥದ್ದು, ಎಮ್ಮೆ ಏನು ತಿಂದಿತ್ತು, ಕೊಳಗ ಕುಕ್ಕಿ ಓಡಿದ್ದು ಯಾರು. ಮಾತು ಮುಗಿದ ಮೇಲೆ ಅವಳು ಗೋಡೆ ಹಿಡಿದುಕೊಂಡು ಹೋಗಿ, ಗೂಟದಿಂದ ಕರು ಬಿಚ್ಚಿದಳು. ಕರುವನ್ನು ಎಮ್ಮೆಯ ಹತ್ತಿರ ನೂಕಿ, ಹಿಂಗಾಲಿಗೆ ಕೈ ಕೊಟ್ಟು, ಅದು ಕುಡಿಯಲು ಶುರು ಮಾಡಿದ ಮೇಲೆ ಕೆಳಗೆ ಕೂತಳು. ನನ್ನ ಕಡೆ ತಿರುಗದೆ ಮಾತಾಡಿದಳು.

"ಆವಾಗ್ಲೇ ನಿಂಗೆ ಅಕ್ಷರ ಬರ್ತಿತ್ತಲ್ಲ. ಕರು ಐತೆ ಅಂತ ಒಂದು ಕಾರ್ಡು ಬರ್ದಿದ್ರೆ ಆಗ್ತಿತ್ತು."

ಆಗ ನಾನು ಮೂರನೇ ಕ್ಲಾಸು ಎಂದು ಹೇಳಲು ಬಾಯಿ ತೆರೆದೆ. ಆಮೇಲಿನ ಐವತ್ತು ವರ್ಷ ಏನು ಮಾಡುತ್ತಿದ್ದೆ ಎಂದು ಕೇಳುತ್ತಾಳೆ ಎನಿಸಿ ಸುಮ್ಮನಾದೆ.